ಕಲನಶಾಸ್ತ್ರದ ಮೂಲ ಯಾರದು? ಒಂದು ವಿಮರ್ಶೆ

ನ್ಯೂಟನ್ ಮತ್ತು ಲೈಬ್ನಿಟ್ಸರಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ಜೈನಾಚಾರ್ಯರು ಕಲನಶಾಸ್ತ್ರವನ್ನು ಬಲ್ಲವರಾಗಿದ್ದರೆಂಬ ಮಾತು ಧಾರ್ಮಿಕ ಸಭೆಗಳ ಉಪನ್ಯಾಸಗಳಲ್ಲಿಯೂ ಸ್ಮರಣ ಸಂಚಿಕೆಗಳ ಲೇಖನಗಳಲ್ಲಿಯೂ ಕೇಳಿಬರುವುದುಂಟು. ಹೇಳುವವರ ಶ್ರದ್ಧೆಯಲ್ಲಿ ಸಂದೇಹವಿಲ್ಲ. ಆದರೆ ಶ್ರದ್ಧೆಯಿಂದ ಹೇಳಿದ ಮಾತು ಸತ್ಯಾಣುವ್ರತದ ಪರೀಕ್ಷೆಯಿಂದ ವಿನಾಯಿತಿ ಪಡೆಯಲಾರದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಗೃಹಸ್ಥನ ವ್ರತಗಳಿಗೆ ತಗಲುವ ಅತಿಚಾರಗಳನ್ನು ಎಣಿಸುವಾಗ ಸತ್ಯಕ್ಕೆ ಕೂಟಲೇಖಕ್ರಿಯೆಯನ್ನೂ ಅಚೌರ್ಯಕ್ಕೆ ಹೀನಾಧಿಕಮಾನೋನ್ಮಾನವನ್ನೂ ಹೆಸರಿಸುತ್ತದೆ. ಸುಳ್ಳು ಬರೆಹವನ್ನು ಸೃಷ್ಟಿಸುವುದು ಮೊದಲನೆಯದು; ಕೊಡುವಾಗ ಒಂದು ತೂಕ, ಕೊಳ್ಳುವಾಗ ಇನ್ನೊಂದು ತೂಕ ಬಳಸುವುದು ಎರಡನೆಯದು. ಕಲನಶಾಸ್ತ್ರದ ಮೂಲವನ್ನು ಕುರಿತ ಮುನ್ನೂರು ವರ್ಷಗಳ ಜಗಳದಲ್ಲಿ ಈ ಎರಡೂ ನಡೆದಿವೆ. ಯುರೋಪಿನಲ್ಲಿ ನಡೆದುದನ್ನು ಗುರುತಿಸುವುದು ಸುಲಭ. ಮನೆಯೊಳಗಿನದನ್ನು ಗುರುತಿಸುವುದು ಕಷ್ಟ.

ಹಂಪೆಯ ಹೇಮಕೂಟವನ್ನು ಕಂಡವರಿಗೆ ಈ ಕಷ್ಟದ ಸ್ವರೂಪ ತಿಳಿದಿರುತ್ತದೆ. ಅಲ್ಲಿಯ ಬಂಡೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಶಿಖರಗಳ ಗುಡಿಗಳಿವೆ. ಬಹುಕಾಲ ಜನರ ಬಾಯಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದ ಮಾರ್ಗದರ್ಶಿ ಪುಸ್ತಕಗಳಲ್ಲಿಯೂ ಇವು ಜೈನ ಬಸದಿಗಳೆಂದೇ ಪ್ರಸಿದ್ಧವಾಗಿದ್ದವು. ಅಂಥ ಶಿಖರವು ಬಸದಿಗಳಲ್ಲಿ ಕಾಣುತ್ತದೆಂಬುದೇ ಇದ್ದ ಆಧಾರ. ಆದರೆ ಅಲ್ಲಿಯ ತ್ರಿಕೂಟ ದೇಗುಲದ ಶಾಸನವು ಬೇರೆಯೇ ಮಾತನ್ನು ಹೇಳುತ್ತದೆ: ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವನು ಅಲ್ಲಿ ಮೂರು ಶಿವಲಿಂಗಗಳನ್ನು ಪ್ರತಿಷ್ಠಾಪಿಸಿದನು. ಇಂದಿನ ಕಂಪ್ಲಿಯ ಹೆಸರಿನೊಡನೆ ನೆನೆಯಲಾಗುವ ಅರಸನೇ ಆತ. ಹೇಮಕೂಟದ ಆ ಗುಡಿಗಳು ಶೈವ ಗುಡಿಗಳು. ಜೈನ ಸಮಾಜಕ್ಕೆ ಇದರಿಂದ ನಷ್ಟವೇನೂ ಇಲ್ಲ. ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ಜನ ಗಾಣಗಿತ್ತಿ ಗುಡಿಯೆಂದು ಕರೆಯುವ ಬಸದಿಯ ಮುಂದೆ ನಿಂತಿರುವ ದೀಪಸ್ತಂಭದಲ್ಲಿ ಶಾಸನವಿದೆ. ಎರಡನೆಯ ಹರಿಹರನ ಕಾಲದಲ್ಲಿ, ಶಕವರ್ಷ 1307ರಲ್ಲಿ, ದಂಡನಾಯಕ ಇರುಗಪ್ಪನು ಕುಂಥುನಾಥ ಜಿನರ ಈ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದು ಸಾರುತ್ತದೆ. ಈ ಬಸದಿಯ ಶಿಖರವೂ ಮೆಟ್ಟಿಲು ಮೆಟ್ಟಿಲಾಗಿಯೇ ಇದೆ. ಗೊಂದಲ ಹುಟ್ಟಿದ್ದು ಆ ಹೋಲಿಕೆಯಿಂದ. ಅದು ಪರಿಹಾರವಾದದ್ದು ಶಾಸನದಿಂದ.

ಶಬ್ದಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಇಂಗ್ಲಿಷಿನ ಕ್ಯಾಲ್ಕ್ಯುಲಸ್ ಎಂಬ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಎಣಿಕೆಗೆ ಬಳಸುವ ಸಣ್ಣ ಕಲ್ಲು ಎಂಬ ಅರ್ಥವಿದೆ. ಕನ್ನಡದ ‘ಕಲ್ಲು’ ಎಂಬ ಪದವೂ ಕಿವಿಗೆ ಹತ್ತಿರದ್ದೇ. ಹಂಪೆಯಂಥ ಕಲ್ಲಿನ ನಾಡಿನಲ್ಲಿ ಕುಳಿತು ಒಂದಕ್ಕೊಂದು ನೆಂಟಸ್ತಿಕೆ ಕಟ್ಟಲು ಹೊತ್ತು ಹಿಡಿಯುವುದಿಲ್ಲ. ಕಟ್ಟಬಾರದು, ಅಷ್ಟೆ.

ಈಗ ಯುರೋಪಿನ ವ್ಯಾಜ್ಯಕ್ಕೆ ಬರಬಹುದು. ಕ್ಷಣಕ್ಷಣಕ್ಕೂ ಬದಲಾಗುವ ರಾಶಿಯ ಬದಲಾವಣೆಯ ದರವನ್ನು ಕಂಡುಹಿಡಿಯುವುದು ಅವಕಲನ. ಅತಿಸೂಕ್ಷ್ಮ ಭಾಗಗಳನ್ನು ಕೂಡಿಸಿ ಇಡಿಯ ಕ್ಷೇತ್ರಫಲವನ್ನೋ ಘನಫಲವನ್ನೋ ಪಡೆಯುವುದು ಅನುಕಲನ. ಇವೆರಡೂ ಒಂದರ ವಿಲೋಮ ಇನ್ನೊಂದೆಂದು ಅರಿತು, ಯಾವ ವಕ್ರರೇಖೆಗಾದರೂ ಅನ್ವಯಿಸಬಲ್ಲ ಸಾಮಾನ್ಯ ವಿಧಾನವಾಗಿ ರೂಪಿಸಿದಾಗ ಮಾತ್ರ ಅದಕ್ಕೆ ಕಲನಶಾಸ್ತ್ರವೆಂಬ ಹೆಸರು ಸಲ್ಲುತ್ತದೆ. ನ್ಯೂಟನ್ 1665–66ರಲ್ಲಿ ಇದನ್ನು ಸಾಧಿಸಿದನು. 1669ರಲ್ಲಿ ಒಂದು ಪ್ರಬಂಧವನ್ನೂ ಬರೆದನು. ಅದು ಅಚ್ಚಾದದ್ದು 1711ರಲ್ಲಿ. ಲೈಬ್ನಿಟ್ಸನು 1675ರಲ್ಲಿ ತನ್ನದೇ ದಾರಿಯಿಂದ ಅಲ್ಲಿಗೆ ತಲುಪಿ 1684ರಲ್ಲಿ ‘ಆಕ್ಟಾ ಎರುಡಿಟೋರಮ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಮೊದಲು ಕಂಡವನು ನ್ಯೂಟನ್, ಮೊದಲು ಲೋಕದ ಮುಂದಿಟ್ಟವನು ಲೈಬ್ನಿಟ್ಸ್ ಎಂದು ಇಂದಿನ ಇತಿಹಾಸಕಾರರು ಒಪ್ಪುತ್ತಾರೆ. ಇಬ್ಬರೂ ಸ್ವತಂತ್ರವಾಗಿಯೇ ಕಂಡರೆಂಬುದನ್ನೂ ಒಪ್ಪುತ್ತಾರೆ.

ಇಬ್ಬರ ನಡತೆಯೂ ನಿಷ್ಕಳಂಕವಾಗಿರಲಿಲ್ಲ. 1676ರಲ್ಲಿ ಲೈಬ್ನಿಟ್ಸನಿಗೆ ತಲುಪಬೇಕಾದ ಪತ್ರದಲ್ಲಿ ನ್ಯೂಟನ್ ತನ್ನ ವಿಧಾನದ ತಿರುಳನ್ನು ಒಂದು ವಾಕ್ಯದ ಅಕ್ಷರಗಳನ್ನು ಎಣಿಸಿ ಜೋಡಿಸಿದ ಒಗಟಾಗಿ ಬಚ್ಚಿಟ್ಟನು: ಹೇಳಿದಂತೆಯೂ ಆಗಬೇಕು, ಹೇಳದಂತೆಯೂ ಇರಬೇಕು. ಅದೇ ವರ್ಷ ಲಂಡನ್ನಿಗೆ ಬಂದ ಲೈಬ್ನಿಟ್ಸನು ನ್ಯೂಟನ್ನನ 1669ರ ಪ್ರಬಂಧದ ಪ್ರತಿಯನ್ನು ನೋಡಿ ಟಿಪ್ಪಣಿ ಮಾಡಿಕೊಂಡನು. ಆ ಟಿಪ್ಪಣಿಗಳು ಶ್ರೇಣಿಗಳಿಗೆ ಸಂಬಂಧಿಸಿದವೇ ಹೊರತು ಕಲನಕ್ಕೆ ಸಂಬಂಧಿಸಿದವಲ್ಲ. ಆದರೂ 1684ರ ಲೇಖನದಲ್ಲಿ ನ್ಯೂಟನ್ನನ ಹೆಸರಿಲ್ಲ. 1705ರಲ್ಲಿ ನ್ಯೂಟನ್ನನ ಕೃತಿಯೊಂದನ್ನು ವಿಮರ್ಶಿಸಿದ ಹೆಸರಿಲ್ಲದ ಲೇಖಕನು ಲೈಬ್ನಿಟ್ಸನೇ. ನ್ಯೂಟನ್ ತನ್ನಿಂದ ಪಡೆದನೆಂಬ ಧ್ವನಿ ಆ ಬರಹದಲ್ಲಿತ್ತು.

ಕೃತಿಚೌರ್ಯದ ಆರೋಪ ಬಹಿರಂಗವಾಗಿ ಬಂದಾಗ ಲೈಬ್ನಿಟ್ಸನು ತಾನು ಸದಸ್ಯನಾಗಿದ್ದ ಲಂಡನ್ನಿನ ರಾಯಲ್ ಸೊಸೈಟಿಗೇ ನ್ಯಾಯ ಕೇಳಿ ಬರೆದನು. ಅದರ ಅಧ್ಯಕ್ಷನು ನ್ಯೂಟನ್. 1712ರ ಮಾರ್ಚಿಯಲ್ಲಿ ಸಮಿತಿ ನೇಮಕವಾಯಿತು. ಏಪ್ರಿಲಿನಲ್ಲಿ ವರದಿ ಸಿದ್ಧವಾಯಿತು. ವರದಿಯನ್ನು ರಚಿಸಿದವನು ವಾದಿಯಾದ ನ್ಯೂಟನ್ನನೇ ಎಂಬುದು ಅವನ ಹಸ್ತಪ್ರತಿಗಳಿಂದ ಸಿದ್ಧವಾಗಿದೆ. ಪ್ರತಿವಾದಿಯ ಹೇಳಿಕೆಯನ್ನು ಕೇಳಲೇ ಇಲ್ಲ. ‘ಕಾಮರ್ಸಿಯಂ ಎಪಿಸ್ಟೋಲಿಕಂ’ ಎಂಬ ಹೆಸರಿನಿಂದ ಪತ್ರಸಂಗ್ರಹವಾಗಿ ಅದು ಹಂಚಲ್ಪಟ್ಟಿತು. ಅನಂತರ 1715ರಲ್ಲಿ ಆ ಪುಸ್ತಕವನ್ನು ಹೊಗಳಿ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘ ವಿಮರ್ಶೆಯೊಂದು ಬಂತು. ಹೆಸರಿಲ್ಲದ ಆ ವಿಮರ್ಶಕನೂ ನ್ಯೂಟನ್ನನೇ. 1716ರಲ್ಲಿ ಲೈಬ್ನಿಟ್ಸ್ ತೀರಿಕೊಂಡ ಮೇಲೂ ದ್ವೇಷ ಆರಲಿಲ್ಲ. ‘ಪ್ರಿನ್ಸಿಪಿಯಾ’ದ 1687ರ ಮೊದಲ ಮುದ್ರಣದಲ್ಲಿ ಲೈಬ್ನಿಟ್ಸನ ವಿಧಾನವನ್ನು ಗೌರವದಿಂದ ನೆನೆದಿದ್ದ ಟಿಪ್ಪಣಿಯಿಂದ 1726ರ ಮೂರನೆಯ ಮುದ್ರಣದಲ್ಲಿ ಅವನ ಹೆಸರನ್ನೇ ತೆಗೆದುಹಾಕಲಾಯಿತು. ಕೂಟಲೇಖಕ್ರಿಯೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಅದನ್ನು ಮಾಡಿದವನು ಸಾಮಾನ್ಯನಲ್ಲ, ಆ ಯುಗದ ಮಹಾಮೇಧಾವಿ ಎಂಬುದೇ ವಿಷಾದದ ಸಂಗತಿ.

ಇಲ್ಲಿ ವಿಜಯನಗರದ ಒಂದು ತೀರ್ಪು ನೆನಪಿಗೆ ಬರುತ್ತದೆ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ನಾಡುಗಳ ಜೈನರು ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನವಿಸಿದರು. ಶ್ರವಣಬೆಳಗೊಳದ ಶಾಸನದ ಪ್ರಕಾರ ಅರಸನು ಎರಡೂ ಪಕ್ಷದ ಮುಖ್ಯರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಜೈನರಿಗೆ ಹಿಂದಿನಂತೆ ಪಂಚಮಹಾವಾದ್ಯ ಮತ್ತು ಕಳಶಗಳ ಮರ್ಯಾದೆ ಸಲ್ಲಬೇಕೆಂದು ನಿರ್ಣಯಿಸಿದನು. ಆ ತೀರ್ಪು ಗಣಿತದ್ದಲ್ಲ, ಕಾಲವೂ ಬೇರೆ. ಆದರೆ ತೀರ್ಪು ಕೊಟ್ಟವನು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ, ಇಬ್ಬರೂ ಎದುರಿಗಿದ್ದರು, ನಿರ್ಣಯವನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಬರೆಸಲಾಯಿತು. ಈ ಮೂರರಲ್ಲಿ ಒಂದೂ ಲಂಡನ್ನಿನ ಸಮಿತಿಯಲ್ಲಿರಲಿಲ್ಲ.

ಸೋತವನೆಂದು ಘೋಷಿತನಾದ ಲೈಬ್ನಿಟ್ಸನ ಚಿಹ್ನೆಗಳು ಮಾತ್ರ ಗೆದ್ದವು. 1675ರ ಅಕ್ಟೋಬರ್ 29ರ ಹಸ್ತಪ್ರತಿಯಲ್ಲಿ ಅವನು ಮೊತ್ತವನ್ನು ಸೂಚಿಸುವ ಲ್ಯಾಟಿನ್ ಪದದ ಮೊದಲ ಅಕ್ಷರವನ್ನು ನೀಳವಾಗಿ ಎಳೆದು ಅನುಕಲನದ ಗುರುತನ್ನಾಗಿ ಮಾಡಿದನು. ಕೆಲವೇ ದಿನಗಳಲ್ಲಿ ವ್ಯತ್ಯಾಸಕ್ಕೆ ‘ಡಿ’ ಅಕ್ಷರ ನೆಲೆಗೊಂಡಿತು. ನ್ಯೂಟನ್ನನದು ಅಕ್ಷರದ ತಲೆಯ ಮೇಲೆ ಚುಕ್ಕಿ. ಕಾಲದೊಡನೆ ಬದಲಾಗುವ ರಾಶಿಗೆ ಅದು ಸಾಕು. ಯಂತ್ರಶಾಸ್ತ್ರದಲ್ಲಿ ವೇಗಕ್ಕೆ ಒಂದು ಚುಕ್ಕಿ, ವೇಗೋತ್ಕರ್ಷಕ್ಕೆ ಎರಡು ಚುಕ್ಕಿ ಇಡುವ ರೂಢಿ ಇಂದಿಗೂ ಇದೆ. ಆದರೆ ಯಾವುದಕ್ಕೆ ಸಾಪೇಕ್ಷವಾಗಿ ಬದಲಾವಣೆ ನಡೆಯುತ್ತಿದೆಯೆಂಬುದನ್ನು ಚುಕ್ಕಿ ಹೇಳುವುದಿಲ್ಲ. ‘ಡಿ ವೈ’ಯನ್ನು ‘ಡಿ ಎಕ್ಸ್’ನ ಮೇಲಿಟ್ಟು ಬರೆದಾಗ ಆ ಸಂಬಂಧ ಕಣ್ಣಿಗೇ ಕಾಣುತ್ತದೆ, ಚರವನ್ನು ಬದಲಿಸಬೇಕಾದಾಗ ಭಿನ್ನರಾಶಿಯಂತೆ ಲೆಕ್ಕ ತಾನೇ ಮುಂದೆ ಸಾಗುತ್ತದೆ. ಸ್ವಿಟ್ಸರ್ಲೆಂಡಿನ ಬರ್ನೂಲಿ ಸಹೋದರರೂ ಆಯ್ಲರನೂ ಇದೇ ಚಿಹ್ನೆಗಳಿಂದ ಶಾಸ್ತ್ರವನ್ನು ವಿಸ್ತರಿಸುತ್ತಿದ್ದಾಗ ಇಂಗ್ಲೆಂಡು ಚುಕ್ಕಿಯನ್ನು ರಾಷ್ಟ್ರಾಭಿಮಾನದ ಕುರುಹಾಗಿ ಹಿಡಿದುಕೊಂಡು ಹಿಂದೆ ಉಳಿಯಿತು. 1812ರಲ್ಲಿ ಕೇಂಬ್ರಿಜಿನ ತರುಣರಾದ ಬ್ಯಾಬೇಜ್, ಹರ್ಷೆಲ್, ಪೀಕಾಕ್ ಮೊದಲಾದವರು ಅನಲಿಟಿಕಲ್ ಸೊಸೈಟಿಯನ್ನು ಕಟ್ಟಿ, 1816ರಲ್ಲಿ ಲಾಕ್ರ್ವಾನ ಫ್ರೆಂಚ್ ಗ್ರಂಥವನ್ನು ಅನುವಾದಿಸಿ, ಮರುವರ್ಷ ಪರೀಕ್ಷೆಯ ಪ್ರಶ್ನೆಗಳಲ್ಲಿಯೇ ‘ಡಿ’ಯನ್ನು ತಂದ ಮೇಲೆ ಆ ಬೀಗ ತೆರೆಯಿತು. ಮೂಲ ತಮ್ಮದೆಂದು ಸಾಧಿಸಿದವರು ಒಂದು ಶತಮಾನವನ್ನು ಕಳೆದುಕೊಂಡಿದ್ದರು.

ಭಾರತದ ಕಡೆಯಿಂದ ಈ ವ್ಯಾಜ್ಯಕ್ಕೆ ಹೊಸ ಸಾಕ್ಷಿ ಬಂದದ್ದು 1834ರಲ್ಲಿ. ಮಲಬಾರಿನಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಚಾರ್ಲ್ಸ್ ವಿಶ್ ಎಂಬವನ ಲೇಖನವು ವೃತ್ತದ ಪರಿಧಿಗೆ ಅನಂತಶ್ರೇಣಿಗಳನ್ನು ಕೊಡುವ ಕೇರಳದ ಗ್ರಂಥಗಳನ್ನು ಯುರೋಪಿಗೆ ಪರಿಚಯಿಸಿತು. ಸಂಗಮಗ್ರಾಮದ ಮಾಧವನು ಹದಿನಾಲ್ಕನೆಯ ಶತಮಾನದವನು. ಅಂದರೆ ಗಾಣಗಿತ್ತಿ ಬಸದಿ ಏಳುತ್ತಿದ್ದ ಕಾಲದವನು. ಲೈಬ್ನಿಟ್ಸನ ಹೆಸರಿನಿಂದ ಕರೆಯಲಾಗುತ್ತಿದ್ದ ಶ್ರೇಣಿಗೆ ಈಗ ಮಾಧವನ ಹೆಸರನ್ನೂ ಸೇರಿಸುವುದು ರೂಢಿಯಾಗಿದೆ. ಜ್ಯೇಷ್ಠದೇವನು ಹದಿನಾರನೆಯ ಶತಮಾನದಲ್ಲಿ ‘ಯುಕ್ತಿಭಾಷಾ’ ಎಂಬ ಗ್ರಂಥದಲ್ಲಿ ಇವುಗಳಿಗೆ ಮಲಯಾಳದ ಗದ್ಯದಲ್ಲಿ ಉಪಪತ್ತಿಗಳನ್ನು ಕೊಟ್ಟನು. ಚಿಹ್ನೆಗಳಿಲ್ಲ, ಮಾತೇ ಲೆಕ್ಕವನ್ನು ನಡೆಸುತ್ತದೆ. ಈ ಪರಂಪರೆಯ ಒಂದು ಗುಣ ವಿಶೇಷವಾಗಿ ಗಮನಾರ್ಹ: ನೀಲಕಂಠ ಸೋಮಯಾಜಿಯು ತನ್ನ ಹಿಂದಿನ ಮಾಧವನ ಫಲಗಳನ್ನು ಮಾಧವನ ಹೆಸರಿನಿಂದಲೇ ಹೇಳಿದನು. ಮಾಧವನ ಶ್ರೇಣಿಗಳು ಅವನವೆಂದು ಇಂದು ತಿಳಿದಿರುವುದು ಶಿಷ್ಯಪರಂಪರೆಯ ಈ ಪ್ರಾಮಾಣಿಕತೆಯಿಂದ. ಅವು ಪಾದ್ರಿಗಳ ಮೂಲಕ ಯುರೋಪಿಗೆ ಹೋದವೆಂಬ ವಾದವೂ ಇದೆ. ಅದನ್ನು ಸಾಧಿಸುವ ಪತ್ರವಾಗಲಿ ಅನುವಾದವಾಗಲಿ ಇದುವರೆಗೆ ದೊರೆತಿಲ್ಲ. ದೊರೆಯುವವರೆಗೆ ಅದು ಊಹೆ.

ಇನ್ನು ಜೈನರ ಭಾಗ. ಸಂಡೂರಿನ ಕುಮಾರಸ್ವಾಮಿ ಬೆಟ್ಟದಲ್ಲಿ ಇಂದಿಗೂ ನೆನಪು ಉಳಿದಿರುವ ರಾಷ್ಟ್ರಕೂಟರ ಕಾಲದಲ್ಲಿಯೇ ಜೈನ ಗಣಿತದ ಎರಡು ದೊಡ್ಡ ಗ್ರಂಥಗಳು ಹುಟ್ಟಿದವು. ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆ 816ರಲ್ಲಿ ಮುಗಿಯಿತು. ಅಮೋಘವರ್ಷನನ್ನು ಸ್ತುತಿಸಿ ಆರಂಭವಾಗುವ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವು ಅದೇ ಶತಮಾನದ ಮಧ್ಯಭಾಗದ್ದು.

ವೀರಸೇನರ ಗಣಿತದ ಸಂದರ್ಭವೇ ಸ್ವಾರಸ್ಯಕರ. ಲೋಕದ ಘನಫಲ 343 ಘನರಜ್ಜು ಎಂಬುದು ಆಗಮದ ಮಾತು. ಲೋಕವು ಮೃದಂಗದಂತೆ ದುಂಡಾಗಿದೆಯೆಂದು ಕೆಲವು ಪೂರ್ವಾಚಾರ್ಯರು ಹೇಳಿದ್ದರು. ಹಾಗಿದ್ದರೆ ಘನಫಲ ಎಷ್ಟಾಗುತ್ತದೆಂದು ವೀರಸೇನರು ಲೆಕ್ಕ ಹಾಕುತ್ತಾರೆ. ಅಧೋಲೋಕದ ತಳದ ವ್ಯಾಸ 7 ರಜ್ಜು, ಮೇಲ್ತುದಿಯ ವ್ಯಾಸ 1 ರಜ್ಜು, ಎತ್ತರ 7 ರಜ್ಜು. ನಡುವಿನ ಕಂಬವನ್ನು ತೆಗೆದು, ಉಳಿದ ಟೊಳ್ಳು ಭಾಗವನ್ನು ಒಂದು ಕಡೆ ಸೀಳಿ ಬಿಚ್ಚಿ ಹರಡಿದರೆ ನಡುವೆ ಒಂದು ಬೆಣೆಯಾಕಾರದ ತುಂಡೂ ಇಕ್ಕೆಲಗಳಲ್ಲಿ ಚೂಪಾದ ತುಂಡುಗಳೂ ಸಿಗುತ್ತವೆ. ಚೂಪಾದ ತುಂಡನ್ನು ನಡುವೆ ಕತ್ತರಿಸಿದರೆ ಅಳೆಯಬಹುದಾದ ಭಾಗವೊಂದು ಹೊರಬಂದು, ಮೊದಲಿನದೇ ಆಕಾರದ ಎರಡು ಚಿಕ್ಕ ತುಂಡುಗಳು ಉಳಿಯುತ್ತವೆ. ಒಂದೊಂದೂ ಎಂಟನೆಯ ಒಂದು ಭಾಗ, ಎರಡೂ ಸೇರಿ ನಾಲ್ಕನೆಯ ಒಂದು ಭಾಗ. ಅವನ್ನೂ ಕತ್ತರಿಸಬೇಕು, ಉಳಿದವನ್ನು ಮತ್ತೆ ಕತ್ತರಿಸಬೇಕು, ಇದಕ್ಕೆ ಕೊನೆಯಿಲ್ಲ. ಒಂದು, ನಾಲ್ಕನೆಯ ಒಂದು, ಹದಿನಾರನೆಯ ಒಂದು ಎಂದು ಇಳಿಯುವ ಈ ಶ್ರೇಣಿಯ ಮೊತ್ತ ಒಂದೂ ಮೂರನೆಯ ಒಂದು. ಹೀಗೆ ಲೆಕ್ಕ ಮುಗಿಸಿದಾಗ ದುಂಡು ಲೋಕದ ಘನಫಲ 343ರ ಅರ್ಧವನ್ನೂ ಮುಟ್ಟುವುದಿಲ್ಲ. ಆದುದರಿಂದ ಲೋಕ ದುಂಡಲ್ಲವೆಂದು ಅವರು ನಿರ್ಣಯಿಸುತ್ತಾರೆ. ಪೂರ್ವಾಚಾರ್ಯರ ಮತವನ್ನು ಗೌರವದಿಂದ ಎತ್ತಿಕೊಂಡು ಲೆಕ್ಕದ ಒರೆಗಲ್ಲಿಗೆ ಹಚ್ಚಿದ ಈ ಧೈರ್ಯವನ್ನು ಅಭಿಮಾನದ ಲೇಖನಗಳು ಎತ್ತಿ ಹೇಳುವುದೇ ಇಲ್ಲ. ಅನಂತಶ್ರೇಣಿಯೊಂದನ್ನೇ ಹಿಡಿದು ‘ಇದೇ ಕಲನಶಾಸ್ತ್ರ’ ಎಂದುಬಿಡುತ್ತವೆ.

ಹೀನಾಧಿಕಮಾನೋನ್ಮಾನದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಗ್ರೀಸಿನ ಆರ್ಕಿಮಿಡಿಸನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಪರವಲಯದ ಕ್ಷೇತ್ರಫಲವನ್ನು ಪಡೆದದ್ದೂ ನಾಲ್ಕನೆಯ ಒಂದು ಭಾಗವಾಗಿ ಇಳಿಯುವ ಇದೇ ಶ್ರೇಣಿಯಿಂದ. ಈ ಶ್ರೇಣಿಯನ್ನು ಕಂಡವರೆಲ್ಲ ಕಲನಶಾಸ್ತ್ರದ ಜನಕರಾದರೆ ಆ ಹಿರಿಮೆ ವೀರಸೇನರಿಗಿಂತ ಸಾವಿರ ವರ್ಷ ಮುಂಚೆ ಆರ್ಕಿಮಿಡಿಸನಿಗೆ ಸಲ್ಲಬೇಕು. ಅವನಿಗೆ ಸಲ್ಲದೆಂದರೆ ವೀರಸೇನರಿಗೂ ಸಲ್ಲದು. ಅರ್ಧಚ್ಛೇದದ ವಿಷಯವೂ ಹಾಗೆಯೇ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ. 8ಕ್ಕೆ 3, 16ಕ್ಕೆ 4, ಇವೆರಡರ ಗುಣಲಬ್ಧಕ್ಕೆ 7. ಲಾಗರಿದಮ್ಮಿನ ಈ ಮೂಲತತ್ತ್ವ ಧವಲೆಯಲ್ಲಿ ನಿಚ್ಚಳವಾಗಿದೆ. ಆದರೆ ಎಲ್ಲ ಸಂಖ್ಯೆಗಳಿಗೂ ಕೋಷ್ಟಕ ಕಟ್ಟಿ ಗುಣಾಕಾರವನ್ನು ಸಂಕಲನಕ್ಕೆ ಇಳಿಸಿ 1614ರಲ್ಲಿ ಪ್ರಕಟಿಸಿದವನು ನೇಪಿಯರನೇ.

ಮಹಾವೀರಾಚಾರ್ಯರ ಹೆಸರನ್ನು ಕಲನಶಾಸ್ತ್ರದೊಡನೆ ಸೇರಿಸುವವರು ಅವರ ಗ್ರಂಥವನ್ನೇ ತೆರೆದು ನೋಡಬೇಕು. ತ್ರಿಜ್ಯ 1 ಇರುವ ಗೋಳದ ಘನಫಲಕ್ಕೆ ಅಲ್ಲಿರುವ ಸ್ಥೂಲ ಸೂತ್ರದಿಂದ 4.5 ಬರುತ್ತದೆ, ಅದನ್ನು ಒಂಬತ್ತರಿಂದ ಗುಣಿಸಿ ಹತ್ತರಿಂದ ಭಾಗಿಸುವ ಸೂಕ್ಷ್ಮ ಸೂತ್ರದಿಂದ 4.05. ನಿಜವಾದ ಬೆಲೆ ಸುಮಾರು 4.19. ಅನುಕಲನ ಬಲ್ಲವರ ಕೈಯಿಂದ ಇದು ಬರುವಂತಿರಲಿಲ್ಲ. 1150ರ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರಾಚಾರ್ಯರು ಗೋಳವನ್ನು ಕೇಂದ್ರದಲ್ಲಿ ತುದಿ ಸೇರುವ ಸೂಚಿಗಳಾಗಿ ಒಡೆದು ಸರಿಯಾದ ಫಲವನ್ನು ಕೊಟ್ಟರು. ಗ್ರಹದ ತಾತ್ಕಾಲಿಕ ಗತಿಯ ವಿಚಾರವೂ ಅವರಲ್ಲಿದೆ. ಇದರಿಂದ ಮಹಾವೀರಾಚಾರ್ಯರು ಕುಗ್ಗುವುದಿಲ್ಲ. ಭಿನ್ನರಾಶಿಗಳಲ್ಲಿ, ಶ್ರೇಢಿಗಳಲ್ಲಿ, ಋಣರಾಶಿಗೆ ವರ್ಗಮೂಲವಿಲ್ಲವೆಂಬ ಸ್ಪಷ್ಟ ನುಡಿಯಲ್ಲಿ ಅವರ ಸ್ಥಾನ ಭದ್ರವಾಗಿದೆ. ಪೂರ್ವಸೂರಿಗಳ ಜ್ಞಾನಸಮುದ್ರದಿಂದ ಸಾರವನ್ನು ಆರಿಸಿ ಸಂಗ್ರಹಿಸಿದೆನೆಂದು ಅವರೇ ಹೇಳಿಕೊಂಡರು. ಗ್ರಂಥದ ಹೆಸರೂ ಅದನ್ನೇ ಹೇಳುತ್ತದೆ. ತಾವೇ ಬೇಡವೆಂದ ಸ್ವಾಮ್ಯವನ್ನು ಅವರ ಮೇಲೆ ಹೊರಿಸುವುದು ಭಕ್ತಿಯಾಗಲಾರದು.

ಅನೇಕಾಂತವನ್ನು ಮುಂದೊಡ್ಡಿ ‘ಎಲ್ಲರದೂ ಒಂದೊಂದು ನಯದಿಂದ ಸರಿ’ ಎಂದು ಸಮಾಧಾನ ಹೇಳುವವರೂ ಇದ್ದಾರೆ. ಇದು ಸ್ಯಾದ್ವಾದವನ್ನು ಸೋಮಾರಿತನಕ್ಕೆ ಬಳಸಿಕೊಂಡಂತೆ. ಸ್ಯಾದ್ವಾದವು ಯಾವ ಅಪೇಕ್ಷೆಯಿಂದ ಎಂಬುದನ್ನು ನಿಖರವಾಗಿ ಹೇಳಿಸುತ್ತದೆ, ಹೇಳದೆ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಅನಂತಚ್ಛೇದದಿಂದ ಘನಫಲ ಪಡೆದ ಅಪೇಕ್ಷೆಯಿಂದ ವೀರಸೇನರು, ವೃತ್ತದ ಅನಂತಶ್ರೇಣಿಯ ಅಪೇಕ್ಷೆಯಿಂದ ಮಾಧವ, ಸಾಮಾನ್ಯ ವಿಧಾನದ ಅಪೇಕ್ಷೆಯಿಂದ ನ್ಯೂಟನ್ ಮತ್ತು ಲೈಬ್ನಿಟ್ಸ್, ಚಿಹ್ನೆಯ ಅಪೇಕ್ಷೆಯಿಂದ ಲೈಬ್ನಿಟ್ಸ್ ಒಬ್ಬನೇ. ಈ ವಿಶೇಷಣಗಳನ್ನು ಕಿತ್ತುಹಾಕಿದ ಕೂಡಲೇ ಪ್ರತಿಯೊಂದು ವಾಕ್ಯವೂ ಅಸತ್ಯವಾಗುತ್ತದೆ.

ಮಾಡಬೇಕಾದ ಕೆಲಸ ಗ್ರಂಥಗಳಲ್ಲಿಯೇ ಸಾಕಷ್ಟಿದೆ. ಗಣಿತಸಾರಸಂಗ್ರಹಕ್ಕೆ ರಂಗಾಚಾರ್ಯರ 1912ರ ಇಂಗ್ಲಿಷ್ ಅನುವಾದದ ಜೊತೆಗೆ ಹೊಂಬುಜದಿಂದ 2000ದಲ್ಲಿ ಪ್ರಕಟವಾದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಇದೆ. ಮೂಡಬಿದಿರೆಯ ಓಲೆಗರಿಗಳಲ್ಲಿ ಉಳಿದುಬಂದ ಧವಲೆಯನ್ನು ಹೀರಾಲಾಲ್ ಜೈನರು 1939ರಿಂದ 16 ಸಂಪುಟಗಳಲ್ಲಿ ಅಚ್ಚಿಗೆ ತಂದರು. ಅದರ ಗಣಿತವನ್ನು ಅವಧೇಶ ನಾರಾಯಣ ಸಿಂಗರು 1942ರಲ್ಲಿಯೇ ವಿವರಿಸಿದರು. ಪರಿಧಿಯನ್ನು ಕುರಿತು ಧವಲೆಯು ಉದ್ಧರಿಸುವ ಒಂದು ಶ್ಲೋಕವಿದೆ. ವ್ಯಾಸವನ್ನು 16ರಿಂದ ಗುಣಿಸಿ, 16ನ್ನು ಕೂಡಿಸಿ, 113ರಿಂದ ಭಾಗಿಸಿ, ವ್ಯಾಸದ ಮೂರರಷ್ಟನ್ನು ಸೇರಿಸಬೇಕೆಂದು ಅದರ ನೇರ ಅರ್ಥ. ನಡುವೆ ಕೂಡಿಸುವ ಆ 16ನ್ನು ಬಿಟ್ಟರೆ 355ನ್ನು 113ರಿಂದ ಭಾಗಿಸಿದ ಅತ್ಯುತ್ತಮ ಬೆಲೆ ದೊರೆಯುತ್ತದೆ. ಇಟ್ಟುಕೊಂಡರೆ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವೇ ವ್ಯಾಸದೊಡನೆ ಬದಲಾಗುತ್ತದೆ. ಪದ ಮೊದಲಿನಿಂದಲೂ ಇತ್ತೋ, ಅರ್ಥ ಬೇರೆಯೋ ಎಂಬುದು ವಿದ್ವಾಂಸರ ಚರ್ಚೆಗೆ ಬಿಟ್ಟ ವಿಷಯ. ಜನಪ್ರಿಯ ಲೇಖನಗಳು ಮಾತ್ರ 355 ಮತ್ತು 113ನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿ, ಶ್ಲೋಕದಲ್ಲಿರುವ ಆ 16ನ್ನು ಓದುಗರಿಗೆ ತೋರಿಸದೆ ಮುಂದೆ ಸಾಗುತ್ತವೆ.